ಲತಾ ಜೊತೆ ಹಾಡಿದ ಇನ್ನೊಂದು ದನಿ ಯಾರದು? ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಬದುಕು ಮತ್ತು ಹಾಡುಗಳ ಲೆಕ್ಕ

1950ರಲ್ಲಿ ತೆರೆಕಂಡ ‘ಸಮಾಧಿ’ ಹಿಂದಿ ಚಿತ್ರದ ‘ಗೋರೆ ಗೋರೆ’ ಹಾಡನ್ನು ಒಮ್ಮೆಯಾದರೂ ಕೇಳದವರು ಕಡಿಮೆ. ಮದುವೆಮನೆಯ ಆರ್ಕೆಸ್ಟ್ರಾದಿಂದ ಹಿಡಿದು ಮೊಬೈಲ್‌ನ ರೀಲ್ಸ್‌ವರೆಗೆ ಅದು ಇಂದಿಗೂ ಓಡುತ್ತಿದೆ. ತೆರೆಯ ಮೇಲೆ ನಳಿನಿ ಜಯವಂತ್ ಮತ್ತು ಕುಲದೀಪ್ ಕೌರ್ ಕುಣಿಯುತ್ತಾರೆ. ಹಾಡಿನಲ್ಲಿ ಕೇಳುವುದು ಎರಡು ಹೆಣ್ಣು ದನಿ. ತೆಳುವಾದದ್ದು ಲತಾ ಮಂಗೇಶ್ಕರ್ ಅವರದು, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ತುಂಬು ಗಂಟಲಿನ ಆ ಇನ್ನೊಂದು ದನಿ?

ಈ ಪ್ರಶ್ನೆಗೆ ಹೆಚ್ಚಿನವರು ತಡವರಿಸುತ್ತಾರೆ. ಉತ್ತರ ಅಮೀರ್‌ಬಾಯಿ ಕರ್ನಾಟಕಿ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿ, ಹದಿಹರೆಯದಲ್ಲೇ ಮುಂಬೈ ಸೇರಿ, 1940ರ ದಶಕದಲ್ಲಿ ಹಿಂದಿ ಚಿತ್ರರಂಗದ ಮುಂಚೂಣಿ ಗಾಯಕಿಯರ ಸಾಲಿನಲ್ಲಿ ನಿಂತ ಕನ್ನಡತಿ ಆಕೆ. ‘ಸಮಾಧಿ’ ಬರುವ ಹೊತ್ತಿಗೆ ಅವರ ಕಾಲ ಇಳಿಮುಖವಾಗಿತ್ತು, ಲತಾ ಅವರ ಕಾಲ ಶುರುವಾಗಿತ್ತು. ಒಂದೇ ಹಾಡಿನಲ್ಲಿ ಎರಡು ಕಾಲಗಳು ಎದುರುಬದುರಾಗಿವೆ.

ಅಮೀರ್‌ಬಾಯಿ ಒಟ್ಟು ಎಷ್ಟು ಹಾಡು ಹಾಡಿದರು? ಸಾಮಾನ್ಯವಾಗಿ ಎಲ್ಲೆಡೆ ಬರೆಯುವ ಲೆಕ್ಕ ಸುಮಾರು 150 ಚಿತ್ರ, 380ರಷ್ಟು ಹಾಡು. ಈ ಅಂಕಿ ಯಾವುದೋ ಕಂಪನಿಯ ಕಡತದಿಂದ ಸಲೀಸಾಗಿ ಸಿಕ್ಕಿದ್ದಲ್ಲ. ಅರಗಿನ ರೆಕಾರ್ಡ್‌ಗಳ ಚೀಟಿ ಓದಿ, ಹಳೆಯ ಹಾಡಿನ ಪುಸ್ತಕ ಹುಡುಕಿ, ದನಿ ಗುರುತು ಹಿಡಿದು, ಸಂಬಳವಿಲ್ಲದೆ ದುಡಿದ ಸಂಗ್ರಾಹಕರು ಇಂಥ ಲೆಕ್ಕಗಳಿಗೆ ಆಧಾರ ಒದಗಿಸಿದರು. ಅವರು ಇಲ್ಲದಿದ್ದರೆ ಅಮೀರ್‌ಬಾಯಿಯ ಅದೆಷ್ಟೋ ಹಾಡುಗಳು ಇಂದು ಅವರ ಹೆಸರಿನಲ್ಲಿ ಇರುತ್ತಲೇ ಇರಲಿಲ್ಲ.

ಬೀಳಗಿಯಿಂದ ಬೊಂಬಾಯಿಗೆ

ಅಮೀರ್‌ಬಾಯಿ ಹುಟ್ಟಿದ ವರ್ಷದಿಂದಲೇ ದಾಖಲೆಗಳ ಜಗಳ ಶುರುವಾಗುತ್ತದೆ. ಕೆಲವು ಕಡೆ 1906, ಇನ್ನು ಕೆಲವು ಕಡೆ 1912 ಎಂದಿದೆ. ಮನೆಯಲ್ಲಿ ಐವರು ಹೆಣ್ಣುಮಕ್ಕಳು. ಅವರಲ್ಲಿ ಹೆಸರು ಮಾಡಿದವರು ಇಬ್ಬರು: ಅಕ್ಕ ಗೋಹರ್‌ಬಾಯಿ ಮತ್ತು ತಂಗಿ ಅಮೀರ್‌ಬಾಯಿ. ಮನೆಯ ಆರ್ಥಿಕ ಸ್ಥಿತಿ ಅಷ್ಟಕ್ಕಷ್ಟೇ. ಹಾಡು ಬಲ್ಲ, ಬಣ್ಣ ಹಚ್ಚಬಲ್ಲ ಹುಡುಗಿಯರಿಗೆ ನಾಟಕ ಕಂಪನಿಯೇ ದಾರಿಯಾಗಿದ್ದ ಕಾಲವದು. ಹಾಗೆ ಹೊರಟ ಹೆಣ್ಣುಮಕ್ಕಳನ್ನು ಮಾತ್ರ ಊರು ಗೌರವದಿಂದ ನೋಡುತ್ತಿರಲಿಲ್ಲ.

ಆಗ ಬಿಜಾಪುರ ಜಿಲ್ಲೆ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. ಉತ್ತರ ಕರ್ನಾಟಕದ ಕಲಾವಿದರಿಗೆ ಬೆಂಗಳೂರು ಪರರಾಜ್ಯ, ಬೊಂಬಾಯಿಯೇ ರಾಜಧಾನಿ. ಹದಿನೈದರ ಆಸುಪಾಸಿನಲ್ಲಿ ಅಮೀರ್‌ಬಾಯಿ ಆ ಊರು ಸೇರಿದರು ಎನ್ನುತ್ತವೆ ಅವರ ಬದುಕಿನ ಕುರಿತ ಬರಹಗಳು. ಮರಾಠಿ, ಗುಜರಾತಿ, ಹಿಂದಿ, ಉರ್ದು ಮಾತು ಕೇಳುವ ಊರಿನಲ್ಲಿ ಅಕ್ಕತಂಗಿಯರ ಹೆಸರಿನ ಮುಂದೆ ‘ಕರ್ನಾಟಕಿ’ ಎಂಬುದು ನಿಂತಿತು. ಇದು ಮನೆತನದ ಹೆಸರಲ್ಲ, ಎಲ್ಲಿಂದ ಬಂದವರು ಎಂಬ ಗುರುತು. ಅಂಬಾಲದ ಜೋಹ್ರಾಬಾಯಿ ‘ಅಂಬಾಲೆವಾಲಿ’ ಆದಂತೆ ಇವರು ‘ಕರ್ನಾಟಕಿ’ ಆದರು.

ಆಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. 1956ರಲ್ಲಿ ಬಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅಂದರೆ ಅಮೀರ್‌ಬಾಯಿ ತೀರಿಕೊಂಡ ಎಂಟು ವರ್ಷಗಳ ಬಳಿಕ. ಅದಕ್ಕೂ ಎಷ್ಟೋ ಮೊದಲೇ ಆ ಹೆಸರು ಮುಂಬೈನ ಸಿನಿಮಾ ಪೋಸ್ಟರ್‌ಗಳಲ್ಲೂ ರೆಕಾರ್ಡ್‌ಗಳ ಮೇಲೂ ಅಚ್ಚಾಗಿತ್ತು.

ಅಕ್ಕ ಗೋಹರ್ ಮರಾಠಿ ರಂಗಭೂಮಿಗೆ ಹೋದರು. ಬಾಲ ಗಂಧರ್ವರ ನಾಟಕ ಮಂಡಳಿಯಲ್ಲಿ ಪಾತ್ರ ಮಾಡಿ, ಮುಂದೆ ಅವರನ್ನೇ ಮದುವೆಯಾದರು. ಮರಾಠಿ ರಂಗಲೋಕ ಆ ಸಂಬಂಧವನ್ನು ಸುಲಭವಾಗಿ ಒಪ್ಪಲಿಲ್ಲ, ಬಾಲ ಗಂಧರ್ವರ ಕಷ್ಟಗಳಿಗೆಲ್ಲ ಗೋಹರ್ ಕಾರಣ ಎಂದವರೂ ಇದ್ದರು. ಅದು ಬೇರೆಯೇ ಕಥೆ, ಇಲ್ಲಿಗೆ ಬೇಡ. ತಂಗಿಗೆ ಸಿನಿಮಾದ ಬಾಗಿಲು ತೆರೆಯುವಲ್ಲಿ ಅಕ್ಕನ ಕೈ ಇತ್ತು. 1934ರ ‘ವಿಷ್ಣು ಭಕ್ತಿ’ ಅಮೀರ್‌ಬಾಯಿಯ ಮೊದಲ ಚಿತ್ರ. ಅದಕ್ಕೂ ಮುನ್ನ ಎಚ್‌ಎಂವಿ ಕಂಪನಿಯ ಪ್ರತಿನಿಧಿಯೊಬ್ಬರು ಅವರ ದನಿ ಮೆಚ್ಚಿ ಒಂದು ಕವ್ವಾಲಿ ರೆಕಾರ್ಡ್ ಮಾಡಿಸಿದ್ದರು, ಅದು ಜನಪ್ರಿಯವೂ ಆಗಿತ್ತು ಎನ್ನಲಾಗುತ್ತದೆ.

ಮೊದಮೊದಲು ಸಿನಿಮಾ ಅಷ್ಟೇನೂ ಕೈಹಿಡಿಯಲಿಲ್ಲ. ಆಗ ನಟಿಯರು ತಮ್ಮ ಹಾಡನ್ನು ತಾವೇ ಹಾಡಬೇಕಿತ್ತು. ಹಿನ್ನೆಲೆ ಗಾಯನ ಎಂಬ ಪದ್ಧತಿ 1935ರಲ್ಲಿ ಕೋಲ್ಕತ್ತದ ನ್ಯೂ ಥಿಯೇಟರ್ಸ್‌ನಲ್ಲಿ ಶುರುವಾಗಿ ನಿಧಾನವಾಗಿ ಬೊಂಬಾಯಿಗೂ ಬಂತು. ಅಮೀರ್‌ಬಾಯಿಯ ವೃತ್ತಿಜೀವನ ಈ ಎರಡೂ ಕಾಲಕ್ಕೆ ಸೇರಿದೆ. ತಮ್ಮ ಪಾತ್ರಕ್ಕೆ ತಾವು ಹಾಡಿದ್ದೂ ಇದೆ, ಬೇರೆ ನಟಿಯರ ತುಟಿಗೆ ದನಿ ಕೊಟ್ಟದ್ದೂ ಇದೆ. ಇದು ಮುಂದೆ ಪಟ್ಟಿ ಮಾಡುವವರಿಗೆ ದೊಡ್ಡ ತಲೆನೋವಾಯಿತು.

1940ರಲ್ಲಿ ವಿಜಯ್ ಭಟ್ ಅವರ ಪ್ರಕಾಶ್ ಪಿಕ್ಚರ್ಸ್ ‘ನರಸಿ ಭಗತ್’ ತೆಗೆಯಿತು. ವಿಷ್ಣುಪಂತ ಪಾಗನೀಸ್ ನರಸಿ ಮೆಹ್ತಾ ಆಗಿದ್ದ ಆ ಚಿತ್ರದ ‘ವೈಷ್ಣವ ಜನ ತೋ’ ಹಾಡಿನಲ್ಲಿ ಅಮೀರ್‌ಬಾಯಿಯ ದನಿಯೂ ಇತ್ತು. ಗಾಂಧೀಜಿಗೆ ಅವರ ಗಾಯನ ಮೆಚ್ಚುಗೆಯಾಗಿತ್ತು ಎಂಬ ಮಾತು ಅವರ ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದೇ ಸಂಸ್ಥೆಯ ‘ರಾಮರಾಜ್ಯ’ದಲ್ಲೂ (1943) ಅವರು ನಟಿಸಿದರು.

ಮಲಾಡ್‌ನಲ್ಲಿ ತೆರೆದ ಅದೃಷ್ಟ

ಅವರ ಬದುಕು ತಿರುವು ಪಡೆದದ್ದು ಮಲಾಡ್‌ನಲ್ಲಿ. ಈಗ ಮಾಲ್‌ಗಳು, ಕಾಲ್‌ಸೆಂಟರ್‌ಗಳು ತುಂಬಿರುವ ಆ ಉಪನಗರ ಆಗ ಊರ ಹೊರಗಿನ ಪ್ರದೇಶ. ಹಿಮಾಂಶು ರಾಯ್ 1934ರಲ್ಲಿ ಕಟ್ಟಿದ ಬಾಂಬೆ ಟಾಕೀಸ್ ಸ್ಟುಡಿಯೊ ಅಲ್ಲಿತ್ತು. 1943ರಲ್ಲಿ ಅಲ್ಲಿಂದ ಬಂದ ಚಿತ್ರವೇ ‘ಕಿಸ್ಮತ್’. ಅಶೋಕ್ ಕುಮಾರ್ ನಾಯಕ, ಮುಮ್ತಾಜ್ ಶಾಂತಿ ನಾಯಕಿ, ನಿರ್ದೇಶನ ಜ್ಞಾನ್ ಮುಖರ್ಜಿ, ಹಾಡು ಬರೆದವರು ಕವಿ ಪ್ರದೀಪ್, ಸಂಗೀತ ಅನಿಲ್ ಬಿಸ್ವಾಸ್. ನಾಯಕಿಯ ಹಾಡುಗಳಿಗೆ ದನಿ ಅಮೀರ್‌ಬಾಯಿ.

ಕೋಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ‘ಕಿಸ್ಮತ್’ ಮೂರು ವರ್ಷಕ್ಕೂ ಮೀರಿ ಓಡಿತು. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷವೇ ಬಂದ ಈ ಚಿತ್ರದಲ್ಲಿ ಹಿಂದೂಸ್ತಾನ ನಮ್ಮದು, ಹೊರಗಿನವರು ದೂರ ಸರಿಯಿರಿ ಎಂಬ ಅರ್ಥದ ಸಮೂಹಗೀತೆಯಿತ್ತು. ಸಾಹಿತ್ಯದಲ್ಲಿ ಜರ್ಮನ್, ಜಪಾನಿ ಎಂಬ ಹೆಸರುಗಳಿದ್ದುದರಿಂದ ಬ್ರಿಟಿಷರ ಸೆನ್ಸಾರ್ ಅದನ್ನು ಬಿಟ್ಟಿತು. ಕೇಳಿದ ಜನರಿಗೆ ಮಾತ್ರ ಅದು ಯಾರಿಗೆ ಹೇಳಿದ್ದೆಂದು ಚೆನ್ನಾಗಿ ಗೊತ್ತಿತ್ತು. ಆ ಹಾಡನ್ನು ಮುನ್ನಡೆಸಿದ ಎರಡು ದನಿ ಅಮೀರ್‌ಬಾಯಿ ಮತ್ತು ಖಾನ್ ಮಸ್ತಾನಾ ಅವರದು. ಹಾಡು ಬರೆದ ಪ್ರದೀಪರ ಹೆಸರು ಇತಿಹಾಸದ ಪುಸ್ತಕ ಸೇರಿತು. ಅದಕ್ಕೆ ದನಿ ಕೊಟ್ಟ ಬೀಳಗಿಯ ಹೆಣ್ಣುಮಗಳನ್ನು ಅಷ್ಟು ಜನ ನೆನೆಯುವುದಿಲ್ಲ.

ಆಮೇಲಿನ ನಾಲ್ಕೈದು ವರ್ಷ ಅವರಿಗೆ ಬಿಡುವಿರಲಿಲ್ಲ. ಖೇಮ್‌ಚಂದ್ ಪ್ರಕಾಶ್ ಸಂಗೀತದ ‘ಭರ್ತೃಹರಿ’, ನೌಷಾದ್ ಸಂಗೀತದ ‘ರತನ್’ ಎರಡೂ 1944ರಲ್ಲಿ ಬಂದವು. ‘ರತನ್’ ಹಾಡುಗಳ ಪ್ಲೇಟುಗಳು ದೇಶದ ಮೂಲೆಮೂಲೆಗೆ ಹೋದವು. 1946ರ ಗುಜರಾತಿ ಚಿತ್ರ ‘ರಾಣಕದೇವಿ’ಗೆ ಹಾಡಿದ ಗೀತೆಯಿಂದ ಅವರು ಗುಜರಾತಿ ಮನೆಗಳಲ್ಲೂ ಮನೆಮಾತಾದರು. 1947ರಲ್ಲಿ ಸಿ. ರಾಮಚಂದ್ರ ಅವರ ‘ಶೆಹನಾಯಿ’. ಕನ್ನಡ ಮಾತಾಡುವ ಮನೆಯ ಹುಡುಗಿ ಹಿಂದಿಯ ಜನಪ್ರಿಯ ದನಿಯಾದದ್ದಷ್ಟೇ ಅಲ್ಲ, ಗುಜರಾತಿಗೂ ತನ್ನದೇ ದನಿಯಾದಳು.

1948ರ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಕಿ. ಜದ್ದನ್‌ಬಾಯಿ, ಸರಸ್ವತಿ ದೇವಿ ಹೀಗೆ ಬೆರಳೆಣಿಕೆಯ ಹೆಣ್ಣುಮಕ್ಕಳಷ್ಟೇ ಆ ಕುರ್ಚಿಯಲ್ಲಿ ಕೂತಿದ್ದ ಕಾಲ. ಮೊಹಮ್ಮದ್ ರಫಿ ಅವರ ಹಾಡುಗಳ ಪಟ್ಟಿ ಮಾಡಿದವರು ‘ಶಹನಾಜ್’ ಹೆಸರು ಬಂದಾಗ ಸಂಗೀತದ ಕಾಲಂನಲ್ಲಿ ಬರೆಯುವುದು ಅಮೀರ್‌ಬಾಯಿ ಕರ್ನಾಟಕಿ ಎಂದೇ. ಬೇರೊಬ್ಬ ಗಾಯಕನ ಪಟ್ಟಿಯಲ್ಲಿ ಸಿಗುವ ಇಂಥ ಮಾಹಿತಿ ಅವರ ಬದುಕಿನ ಒಂದು ಮುಖ್ಯ ತುಣುಕನ್ನು ಉಳಿಸಿದೆ.

ಚೀಟಿಯ ಮೇಲೆ ಯಾರ ಹೆಸರು?

ಹಾಡಿದ್ದು ಇಷ್ಟು ಜನಪ್ರಿಯವಾಗಿದ್ದರೆ ಪಟ್ಟಿ ಮಾಡುವುದು ಏಕೆ ಕಷ್ಟ ಎಂದು ಅನಿಸಬಹುದು. ಒಂದು 78 ಆರ್‌ಪಿಎಂ ರೆಕಾರ್ಡನ್ನು ಕೈಯಲ್ಲಿ ಹಿಡಿದರೆ ಇದು ಅರ್ಥವಾಗುತ್ತದೆ.

ಅರಗು ಬೆರೆಸಿ ಮಾಡಿದ, ಬಿದ್ದರೆ ಗಾಜಿನಂತೆ ಒಡೆಯುವ ಹತ್ತು ಇಂಚಿನ ತಟ್ಟೆ. ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು. ನಡುವೆ ದುಂಡನೆಯ ಚೀಟಿ. ಅದರ ಮೇಲೆ ಕಂಪನಿಯ ಗುರುತು, ಚಿತ್ರದ ಹೆಸರು, ಹಾಡಿನ ಮೊದಲ ಪದಗಳು, ರೆಕಾರ್ಡ್‌ನ ಮಾರಾಟ ಸಂಖ್ಯೆ. ಎರಡೂ ಬದಿಗೆ ಈ ಸಂಖ್ಯೆ ಒಂದೇ. ಚೀಟಿಯ ಸುತ್ತಲಿನ ಕಪ್ಪು ಜಾಗದಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂತೆ, ಇನ್ನೊಂದು ಸಂಖ್ಯೆ ಕೆತ್ತಿರುತ್ತದೆ. ಅದೇ ಮ್ಯಾಟ್ರಿಕ್ಸ್ ಸಂಖ್ಯೆ. ಪ್ರತಿ ಬದಿಗೂ ಬೇರೆ ಬೇರೆ. ರೆಕಾರ್ಡಿಂಗ್ ನಡೆದ ಕ್ರಮದಲ್ಲಿ ಕೊಟ್ಟ ಸಂಖ್ಯೆಯಾದ್ದರಿಂದ ಯಾವ ಹಾಡು ಯಾವುದಕ್ಕಿಂತ ಮೊದಲು ಮುದ್ರಣವಾಯಿತು ಎಂಬುದರ ಸುಳಿವು ಇದರಲ್ಲಿ ಸಿಗುತ್ತದೆ. ಚೀಟಿ ಹರಿದು ಹೋಗಬಹುದು, ಕೆತ್ತಿದ ಅಂಕಿ ಹೋಗುವುದಿಲ್ಲ.

ಇನ್ನು ಗಾಯಕಿಯ ಹೆಸರು? ಅಲ್ಲಿಯೇ ಎಡವಟ್ಟು. ಹಾಡಿದವರ ಹೆಸರಿನ ಜಾಗದಲ್ಲಿ ತೆರೆಯ ಮೇಲಿನ ಪಾತ್ರದ ಹೆಸರನ್ನೇ ಅಚ್ಚು ಹಾಕುವ ರೂಢಿ ಆಗ ಇತ್ತು. 1949ರ ‘ಮಹಲ್’ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಲತಾ ಅವರನ್ನು ಮನೆಮನೆಗೂ ತಲುಪಿಸಿದ ಆ ಹಾಡಿನ ರೆಕಾರ್ಡ್ ಮೊದಲು ಹೊರಬಂದಾಗ ಗಾಯಕಿಯ ಹೆಸರು ‘ಕಾಮಿನಿ’ ಎಂದಿತ್ತು. ಕಾಮಿನಿ ಎಂದರೆ ಚಿತ್ರದಲ್ಲಿ ಮಧುಬಾಲಾ ಮಾಡಿದ ಪಾತ್ರ. ರೇಡಿಯೊಗೆ ಪತ್ರಗಳ ಮಳೆ ಸುರಿದ ಮೇಲೆ ನಿಜವಾದ ಹೆಸರು ಹೊರಬಿತ್ತು. ಲತಾ ಅವರಿಗೇ ಹೀಗಾದರೆ, ಅವರಿಗಿಂತ ಹಿಂದಿನವರ ಗತಿ ಊಹಿಸಿಕೊಳ್ಳಿ. ‘ಮಹಲ್’ ಮತ್ತು ಅದೇ ವರ್ಷದ ‘ಬರಸಾತ್’ ನಂತರ ಪದ್ಧತಿ ಬದಲಾಯಿತು. ಅಮೀರ್‌ಬಾಯಿಯ ಏರುಕಾಲ ಅಷ್ಟರಲ್ಲಿ ಮುಗಿದಿತ್ತು.

ಚಿತ್ರದಲ್ಲಿ ಕೇಳುವ ದನಿ ಬೇರೆ, ರೆಕಾರ್ಡ್‌ನಲ್ಲಿ ಕೇಳುವ ದನಿ ಬೇರೆ ಆಗಿರುವುದೂ ಉಂಟು. ‘ಕಿಸ್ಮತ್’ನ ಮೋಡವನ್ನು ಮೆಲ್ಲನೆ ಬಾ ಎಂದು ಕರೆಯುವ ಯುಗಳಗೀತೆಯನ್ನೇ ತೆಗೆದುಕೊಳ್ಳಿ. ಹೆಣ್ಣು ದನಿ ಅಮೀರ್‌ಬಾಯಿಯದು ಎಂಬುದರಲ್ಲಿ ತಕರಾರಿಲ್ಲ. ಗಂಡು ದನಿ ಮಾತ್ರ ಕೆಲವು ಪಟ್ಟಿಗಳಲ್ಲಿ ಅಶೋಕ್ ಕುಮಾರ್ ಹೆಸರಲ್ಲಿದೆ, ಕೆಲವಲ್ಲಿ ಅರುಣ್ ಕುಮಾರ್ ಹೆಸರಲ್ಲಿದೆ. ಪಟ್ಟಿ ಮಾಡುವವರು ಚಿತ್ರ ನೋಡಿ ಬರೆದರೋ, ಪ್ಲೇಟ್ ಕೇಳಿ ಬರೆದರೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಒಂದೇ ಹೆಸರಿನವರ ಗೊಂದಲ ಇನ್ನೊಂದು. ಜೋಹ್ರಾಬಾಯಿ ಎಂದರೆ 1913ರಲ್ಲಿ ತೀರಿಕೊಂಡ ಆಗ್ರಾದ ಶಾಸ್ತ್ರೀಯ ಗಾಯಕಿಯೋ, ‘ರತನ್’ನಲ್ಲಿ ಹಾಡಿದ ಅಂಬಾಲೆವಾಲಿಯೋ? ಗೋಹರ್ ಎಂದರೆ ಮೈಸೂರಿನಲ್ಲಿ 1930ರಲ್ಲಿ ಕಣ್ಣುಮುಚ್ಚಿದ ಗೌಹರ್ ಜಾನ್, ದಾದರ್‌ನ ರಂಜಿತ್ ಸ್ಟುಡಿಯೊದ ಮಿಸ್ ಗೋಹರ್, ಅಮೀರ್‌ಬಾಯಿಯ ಅಕ್ಕ ಗೋಹರ್ ಕರ್ನಾಟಕಿ, ಈ ಮೂವರಲ್ಲಿ ಯಾರು? ‘ಕರ್ನಾಟಕಿ’ ಎಂಬ ಬಾಲ ಇಲ್ಲಿ ಪಟ್ಟಿಕಾರರನ್ನು ಎಷ್ಟೋ ಸಲ ಕಾಪಾಡಿದೆ.

ಎಣಿಕೆಯ ನಿಯಮವೂ ಎಲ್ಲರದ್ದೂ ಒಂದೇ ಅಲ್ಲ. ಉದ್ದದ ಹಾಡನ್ನು ತಟ್ಟೆಯ ಎರಡು ಬದಿಗೆ ಮುರಿದು ಹಾಕಿದರೆ ಅದು ಒಂದೋ ಎರಡೋ? ಒಂದೇ ಚಿತ್ರ ಎರಡು ಭಾಷೆಯಲ್ಲಿ ತಯಾರಾದರೆ ಅದೇ ಧಾಟಿಯ ಹಾಡನ್ನು ಎಷ್ಟು ಬಾರಿ ಎಣಿಸಬೇಕು? ಸಮೂಹಗೀತೆಯಲ್ಲಿ ಒಂದು ಸಾಲು ಹಾಡಿದ್ದರೆ? 380ಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ನಡುವೆ ವ್ಯತ್ಯಾಸ ಬರುವುದು ಇಂಥ ಕಡೆ.

ಕಾನ್ಪುರದ ಬ್ಯಾಂಕ್ ನೌಕರ, ಕೊಲಾಬಾದ ವಿಜ್ಞಾನಿ

ಈ ಗೋಜಲನ್ನು ಬಿಡಿಸಲು ಸರ್ಕಾರ ಮುಂದೆ ಬರಲಿಲ್ಲ, ಚಿತ್ರೋದ್ಯಮವೂ ಬರಲಿಲ್ಲ. ಕಾನ್ಪುರದ ಹರ್ಮಂದಿರ್ ಸಿಂಗ್ ‘ಹಮ್‌ರಾಜ್’ ಬ್ಯಾಂಕ್ ಕೆಲಸದ ಜೊತೆಗೇ ಹಿಂದಿ ಚಿತ್ರಗೀತೆಗಳ ಕೋಶ ಮಾಡಲು ಕೂತರು. 1931ರ ‘ಆಲಂ ಆರಾ’ದಿಂದ ಆರಂಭಿಸಿ ದಶಕಕ್ಕೊಂದು ಸಂಪುಟ. ಪ್ರತಿ ಚಿತ್ರದ ಪ್ರತಿ ಹಾಡು, ಹಾಡಿದವರು, ಬರೆದವರು, ಸಂಗೀತ ಕೊಟ್ಟವರು, ರೆಕಾರ್ಡ್ ಸಂಖ್ಯೆ. ‘ಹಿಂದಿ ಫಿಲ್ಮ್ ಗೀತ್ ಕೋಶ್’ ಎಂಬ ಹೆಸರಿನ ಈ ಸಂಪುಟಗಳು 1980ರಿಂದ ಒಂದೊಂದಾಗಿ ಹೊರಬಂದವು. 1931ರಿಂದ 1950ರವರೆಗಿನ ಎರಡು ಸಂಪುಟ ಇಲ್ಲದೆ ಅಮೀರ್‌ಬಾಯಿಯ ಹಾಡು ಎಣಿಸುವ ಮಾತೇ ಇಲ್ಲ.

ಕೆಲಸದ ಮೂಲ ಸಾಮಗ್ರಿ ಏನು ಗೊತ್ತೇ? ಚಿತ್ರಮಂದಿರದ ಬಾಗಿಲಲ್ಲಿ ಆಣೆ ಲೆಕ್ಕದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ನಮ್ಮ ಹಳ್ಳಿ ಜಾತ್ರೆಗಳಲ್ಲಿ ಸಿಗುತ್ತಿದ್ದ ಚಿತ್ರಗೀತೆಗಳ ಪುಸ್ತಕಗಳಂಥದ್ದೇ. ಅದರಲ್ಲಿ ಹಾಡುಗಳ ಸಾಹಿತ್ಯವೆಲ್ಲ ಇರುತ್ತಿತ್ತು, ಗಾಯಕರ ಹೆಸರು ಬಹಳ ಸಲ ಇರುತ್ತಿರಲಿಲ್ಲ. ಆದ್ದರಿಂದ ಪುಸ್ತಕ, ರೆಕಾರ್ಡ್, ಕಂಪನಿಗಳ ಮಾರಾಟ ಪಟ್ಟಿ, ಹಳೆಯ ಸಿನಿಮಾ ಪತ್ರಿಕೆಯ ಜಾಹೀರಾತು, ಕೊನೆಗೆ ಕಿವಿ, ಇವೆಲ್ಲವನ್ನೂ ಒಂದಕ್ಕೊಂದು ತಾಳೆ ನೋಡಬೇಕಿತ್ತು. ಬೆಳಿಗ್ಗೆ ರೇಡಿಯೊ ಸಿಲೋನ್‌ನಲ್ಲಿ ಬರುತ್ತಿದ್ದ ಹಳೆಯ ಹಾಡುಗಳ ಕಾರ್ಯಕ್ರಮ ಕೇಳುತ್ತ ನೋಟ್‌ಬುಕ್‌ನಲ್ಲಿ ಹೆಸರು ಬರೆದಿಟ್ಟುಕೊಂಡ ಕೇಳುಗರು ದೇಶದ ಎಲ್ಲೆಡೆ ಇದ್ದರು.

ಮುಂಬೈನಲ್ಲಿ ಈ ಕೆಲಸಕ್ಕೆ ಒಂದು ನೆಲೆ ಸಿಕ್ಕಿದ್ದು 1990ರಲ್ಲಿ, ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಹುಟ್ಟಿದಾಗ. ಅದರ ಬೆನ್ನೆಲುಬು ಸುರೇಶ್ ಚಾಂದವಣಕರ್. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ, ಮನೆಗೆ ಬಂದರೆ ರೆಕಾರ್ಡ್ ಹುಚ್ಚು. ಭಾರತದ ಗ್ರಾಮಫೋನ್ ಇತಿಹಾಸವನ್ನು ಕಂಪನಿಗಳ ಕಡತದಿಂದ ಕೆದಕಿ ತೆಗೆದ ಆಸ್ಟ್ರೇಲಿಯಾದ ಮೈಕೆಲ್ ಕಿನಿಯರ್ ಅವರ ಒಡನಾಟವೂ ಸಂಘಕ್ಕಿತ್ತು. ಸಂಘ ‘ದ ರೆಕಾರ್ಡ್ ನ್ಯೂಸ್’ ಎಂಬ ಪತ್ರಿಕೆ ತಂದಿತು. ಯಾರ ಮನೆಯಲ್ಲಿ ಯಾವ ಪ್ಲೇಟಿದೆ, ಯಾವ ಸಂಖ್ಯೆ ಸಿಕ್ಕಿಲ್ಲ ಎಂಬ ವಿಷಯಗಳಿಗೂ ಒಂದು ವೇದಿಕೆ ಸಿಕ್ಕಿತು.

ಮುಂಬೈ ಇದಕ್ಕೆ ತಕ್ಕ ಊರು. ಚೋರ್ ಬಜಾರ್‌ನ ಮಟನ್ ಸ್ಟ್ರೀಟ್‌ನಲ್ಲಿ ಹಳೆಯ ಗ್ರಾಮಫೋನ್, ಪೋಸ್ಟರ್, ಪ್ಲೇಟುಗಳ ವ್ಯಾಪಾರ ಇಂದಿಗೂ ಇದೆ. ಎಚ್‌ಎಂವಿ ರೆಕಾರ್ಡ್‌ಗಳು ಅಚ್ಚಾಗುತ್ತಿದ್ದುದು ಕೋಲ್ಕತ್ತ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ. ಆದರೆ ಹಾಡಿದವರು, ಕೊಂಡವರು, ಕೊನೆಗೆ ಗುಜರಿಗೆ ಹಾಕಿದವರು ಬಹಳಷ್ಟು ಮಂದಿ ಇದೇ ಊರಿನವರು. ವಡಾಲಾದಲ್ಲಿ ‘ಯಂಗ್ ಇಂಡಿಯಾ’ ಎಂಬ ಸ್ವದೇಶಿ ಕಂಪನಿಯ ಕಾರ್ಖಾನೆಯೂ ಇತ್ತು. 1950ರ ದಶಕದ ನಡುವಿನಲ್ಲಿ ಅದು ಮುಚ್ಚಿತು. ಅಂಥ ಕಂಪನಿ ಮುಳುಗಿದರೆ ಅದರ ಲೆಕ್ಕಪುಸ್ತಕವೂ ಮುಳುಗುತ್ತದೆ, ಉಳಿಯುವುದು ಜನರ ಅಟ್ಟದ ಮೇಲಿನ ಪ್ಲೇಟುಗಳಷ್ಟೇ.

ಇಷ್ಟೆಲ್ಲ ಲೆಕ್ಕ ಹಾಕಿ ಏನು ಪ್ರಯೋಜನ ಎನ್ನುವವರಿಗೆ ಗಿನ್ನೆಸ್ ಪ್ರಕರಣ ನೆನಪಿಸಬೇಕು. 1974ರಲ್ಲಿ ಗಿನ್ನೆಸ್ ಪುಸ್ತಕ ಲತಾ ಮಂಗೇಶ್ಕರ್ 1948ರಿಂದ 25,000 ಹಾಡು ಹಾಡಿದ್ದಾರೆ ಎಂದು ಬರೆಯಿತು. ರಫಿ ಅದನ್ನು ಪ್ರಶ್ನಿಸಿದರು. ಅವರ ಕಡೆಯ ಲೆಕ್ಕ 28,000. ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ನಡೆಯಿತು. 26 ವರ್ಷಕ್ಕೆ 25,000 ಎಂದರೆ ಭಾನುವಾರವೂ ಬಿಡದೆ ದಿನಕ್ಕೆ ಎರಡೂವರೆಗಿಂತ ಹೆಚ್ಚು ಹಾಡು ಎಂದು ಯಾರೂ ಕೂತು ಭಾಗಿಸಿ ನೋಡಿದಂತಿಲ್ಲ! ಭಾಗಿಸಿ ನೋಡಿದವರು ಪಟ್ಟಿಕಾರರು. ಮುಂಬೈನ ವಿಶ್ವಾಸ್ ನೆರೂರ್ಕರ್ 1989ರಲ್ಲಿ ‘ಗಂಧಾರ್ ಸ್ವರಯಾತ್ರಾ’ ಹೆಸರಿನಲ್ಲಿ ಲತಾ ಹಾಡುಗಳ ಪಟ್ಟಿ ತಂದರು. ಸಂಗ್ರಾಹಕರ ಎಣಿಕೆಯಲ್ಲಿ ಹಿಂದಿ ಚಿತ್ರಗೀತೆಗಳು ಐದು ಸಾವಿರದ ಆಸುಪಾಸು ನಿಂತವು. ರಫಿಯದೂ ಹೆಚ್ಚುಕಡಿಮೆ ಅಷ್ಟೇ. 1991ರಲ್ಲಿ ಗಿನ್ನೆಸ್ ಆ ದಾಖಲೆಯನ್ನೇ ಕೈಬಿಟ್ಟಿತು.

ಹೆಸರುವಾಸಿಗಳಿಗೆ ಪಟ್ಟಿ ಎಂದರೆ ಉತ್ಪ್ರೇಕ್ಷೆ ಇಳಿಸುವ ತಕ್ಕಡಿ. ಅಮೀರ್‌ಬಾಯಿಯಂಥವರಿಗೆ ಅದು ತಿರುಗಾಮುರುಗಾ: ಕಳೆದುಹೋದದ್ದನ್ನು ಹಿಂದಕ್ಕೆ ತರುವ ದಾರಿ. ಹಾಡಿಗೆ ಇಷ್ಟು ಎಂದು ಕೊಟ್ಟ ಹಣ ಪಡೆದು ಸ್ಟುಡಿಯೊದಿಂದ ಹೊರಬಂದರೆ ಆಗಿನ ಗಾಯಕಿಯರ ಸಂಬಂಧ ಅಲ್ಲಿಗೆ ಮುಗಿಯುತ್ತಿತ್ತು. ಮಾರಾಟದಲ್ಲಿ ಪಾಲು ಇರುತ್ತಿರಲಿಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ ಪ್ರಕಟವಾದ ನಂತರ 60 ವರ್ಷ. ಹಾಗಾಗಿ ಅವರ 1940ರ ದಶಕದ ರೆಕಾರ್ಡ್‌ಗಳ ಮೇಲೆ ಕಂಪನಿಗಿದ್ದ ಆ ಹಕ್ಕೂ ಈಗ ಮುಗಿದಿದೆ. ಹಣದ ಲೆಕ್ಕ ಎಂದೋ ಚುಕ್ತಾ ಆಗಿರುವಾಗ ಗಾಯಕಿಗೆ ಸಲ್ಲಬೇಕಾದದ್ದು ಉಳಿದಿರುವುದು ಹೆಸರೊಂದೇ. ಅದೂ ಹಳೆಯ ಹಾಡು ಯಾವುದಾದರೂ ಆ್ಯಪ್‌ಗೆ ಹತ್ತುವಾಗ ತಪ್ಪಿಹೋಗುವುದು ಹೊಸದೇನಲ್ಲ.

ಮನೆಯೊಳಗಿನ ದುಃಖ, ಹೊರಗಿನ ಬದಲಾವಣೆ

ಹಾಡು ಗೆದ್ದಷ್ಟು ಸಂಸಾರ ಗೆಲ್ಲಲಿಲ್ಲ. ಅಮೀರ್‌ಬಾಯಿ ಮದುವೆಯಾದದ್ದು ಖಳನ ಪಾತ್ರಗಳಿಗೆ ಹೆಸರಾಗಿದ್ದ ನಟ ಹಿಮಾಲಯವಾಲಾ ಅವರನ್ನು. ನಿಜನಾಮ ಅಫ್ಜಲ್ ಖುರೇಷಿ. ಆ ದಾಂಪತ್ಯದಲ್ಲಿ ಅಮೀರ್‌ಬಾಯಿ ಹಿಂಸೆ ಅನುಭವಿಸಿದರು ಎಂದು ಅವರ ಬದುಕಿನ ಕುರಿತು ಬರೆದವರು ದಾಖಲಿಸಿದ್ದಾರೆ. ಕಾನೂನಿನ ನೆರವು ಪಡೆದು ಆ ಬಂಧನದಿಂದ ಬಿಡಿಸಿಕೊಳ್ಳಬೇಕಾಯಿತು. ದೇಶ ವಿಭಜನೆಯಾದಾಗ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋದರು, ಅಮೀರ್‌ಬಾಯಿ ಮುಂಬೈನಲ್ಲೇ ಉಳಿದರು. ಮುಂದೆ ‘ಪಾರಸ್’ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾಗಿ ನೆಮ್ಮದಿ ಕಂಡರು.

ಅಷ್ಟರಲ್ಲಿ ಹೊರಗಿನ ಜಗತ್ತು ಬದಲಾಗಿತ್ತು. 1947ರ ಜನವರಿಯಲ್ಲಿ ಕೆ.ಎಲ್. ಸೈಗಲ್ ತೀರಿಕೊಂಡರು. ನೂರ್ ಜಹಾನ್ ಗಡಿ ದಾಟಿದರು. 1949ರಲ್ಲಿ ‘ಮಹಲ್’, ‘ಬರಸಾತ್’, ‘ಅಂದಾಜ್’ ಸಾಲಾಗಿ ಬಂದು ಲತಾ ಅವರ ತೆಳುದನಿಯೇ ನಾಯಕಿಯ ದನಿ ಎಂದಾಯಿತು. ಮೈಕ್ ಇಲ್ಲದ ರಂಗಭೂಮಿಯ ಗುಂಗಿನಲ್ಲಿ ಬೆಳೆದ ತುಂಬುಕಂಠಗಳಿಗೆ ಬೇಡಿಕೆ ಕುಸಿಯಿತು. ಅಮೀರ್‌ಬಾಯಿ, ಜೋಹ್ರಾಬಾಯಿ, ರಾಜಕುಮಾರಿ ಎಲ್ಲರದ್ದೂ ಇದೇ ಕಥೆ. ಅಮೀರ್‌ಬಾಯಿ ಮತ್ತೆ ನಟನೆಗೆ ಮರಳಿ ಪೋಷಕ ಪಾತ್ರಗಳಲ್ಲಿ ಕಾಣಿಸಿಕೊಂಡರು. ಹಾಡಿನ ಪಟ್ಟಿಯಲ್ಲಿ 1950ರ ನಂತರದ ಪುಟಗಳು ತೆಳ್ಳಗಾಗುತ್ತ ಹೋಗುತ್ತವೆ. ಅದನ್ನು ನೋಡಿದರೆ ಬೇರೆ ವಿವರಣೆ ಬೇಕೆನಿಸುವುದಿಲ್ಲ.

ಪಾರ್ಶ್ವವಾಯು ಹೊಡೆದು ಕೆಲವೇ ದಿನಗಳಲ್ಲಿ, 1965ರ ಮಾರ್ಚ್ 3ರಂದು ಅಮೀರ್‌ಬಾಯಿ ನಿಧನರಾದರು. ಮಣ್ಣಾದದ್ದು ತವರು ನೆಲದಲ್ಲಿ. ವಿಜಯಪುರದವರಿಗೆ ಅವರ ಹೆಸರು ಬಹುಕಾಲ ಉಳಿದದ್ದು ಹಾಡಿನಿಂದಲ್ಲ, ಊರಿನ ‘ಅಮೀರ್ ಟಾಕೀಸ್’ನಿಂದ. ಅಲ್ಲಿ ಸಿನಿಮಾ ನೋಡಿದ ಎಷ್ಟೋ ಜನರಿಗೆ ಆ ಅಮೀರ್ ಯಾರೆಂದು ಗೊತ್ತಿರಲಿಲ್ಲ. ಕನ್ನಡದಲ್ಲಿ ಅವರ ಬದುಕನ್ನು ಹುಡುಕಿ ಪುಸ್ತಕವಾಗಿಸಿದವರು ರಹಮತ್ ತರೀಕೆರೆ.

ಹುಡುಕಾಟ ಇನ್ನೂ ಮುಗಿದಿಲ್ಲ. 1930ರ ದಶಕದ ಬಹಳಷ್ಟು ಚಿತ್ರಗಳ ಪ್ರತಿಗಳೇ ಇಲ್ಲ. ಟಾಕಿ ಯುಗದ ಆರಂಭದ ಎಷ್ಟೋ ಹಾಡುಗಳು ಪ್ಲೇಟ್ ಆಗಿ ಹೊರಬರಲೂ ಇಲ್ಲ. ‘ಆಲಂ ಆರಾ’ದ ಹಾಡುಗಳ ಸ್ಥಿತಿಯೂ ಅದೇ. ಹೊರಬಂದವು ಎಲ್ಲಾದರೂ ಇದ್ದರೆ ಅದು ಯಾರದೋ ಅಜ್ಜನ ಟ್ರಂಕಿನಲ್ಲಿ. ನಿಮ್ಮ ಮನೆಯಲ್ಲಿ ಹಳೆಯ 78 ಪ್ಲೇಟ್ ಇದ್ದರೆ ಗುಜರಿಗೆ ಹಾಕುವ ಮುನ್ನ ಎರಡೂ ಬದಿಯ ಚೀಟಿಯ ಫೋಟೊ ತೆಗೆದಿಡಿ. ಸುತ್ತಲಿನ ಕಪ್ಪು ಭಾಗದಲ್ಲಿ ಕೆತ್ತಿದ ಅಂಕಿಯನ್ನು ಬೆಳಕಿಗೆ ಓರೆ ಹಿಡಿದು ಬರೆದುಕೊಳ್ಳಿ. ಧೂಳು ತೆಗೆಯಲು ಸ್ಪಿರಿಟ್ ಹಚ್ಚಬೇಡಿ, ಅರಗು ಕರಗುತ್ತದೆ. ಒಣಗಿದ ಮೆತ್ತನೆಯ ಬಟ್ಟೆ ಸಾಕು.